ಫೋನ್ ಎಲ್ಲಿದೆ ಅಂತ ಟವರ್‌ಗಳಿಗೆ ಹೇಗೆ ಗೊತ್ತಾಗುತ್ತದೆ?

112ಕ್ಕೆ ಕರೆ ಮಾಡಿದರೆ ಬರುವ ಮುಖ್ಯ ಪ್ರಶ್ನೆ, ‘ಎಲ್ಲಿದ್ದೀರಿ?’ ವಿಜಯಪುರದ ಗಾಂಧಿ ಚೌಕದಲ್ಲಿ ನಿಂತವರಿಗೆ ಉತ್ತರ ಸುಲಭ. ಕೊಲ್ಹಾರದ ಸೇತುವೆ ದಾಟಿ ಕತ್ತಲಲ್ಲಿ ಬೈಕಿನಿಂದ ಬಿದ್ದವರು ಏನಂತ ಹೇಳಬೇಕು? ಸುತ್ತಲೂ ಬರೀ ಹೊಲ. ಅಂಥ ಹೊತ್ತಲ್ಲಿ ಜಾಗವನ್ನು ನೆಟ್‌ವರ್ಕೇ ತಿಳಿಸಬೇಕು ಎಂಬ ನಿಯಮವನ್ನು ಅಮೆರಿಕ 1996ರಲ್ಲೇ ತಂದಿತು. ನಮ್ಮಲ್ಲಿ 2016ರಲ್ಲಿ ಕೇಂದ್ರ ಸರ್ಕಾರ ಫೋನ್‌ಗಳಿಗೆ ಪ್ಯಾನಿಕ್ ಬಟನ್ ಮತ್ತು ಜಿಪಿಎಸ್ ಕಡ್ಡಾಯ ಮಾಡುವ ನಿಯಮ ಹೊರಡಿಸಿತು.

ಜಿಪಿಎಸ್ ಇದ್ದರೆ ಸಾಕಲ್ವಾ? ಬಯಲಲ್ಲಿ ಸಾಕು. ಆದರೆ ಉಪಗ್ರಹಗಳು 20 ಸಾವಿರ ಕಿ.ಮೀ. ಎತ್ತರದಲ್ಲಿವೆ. ಅಲ್ಲಿಂದ ಬರುವ ಸಿಗ್ನಲ್ ತೀರಾ ಸಣ್ಣದು, ಆರ್‌ಸಿಸಿ ಮನೆಯ ಒಳಕೋಣೆಗೆ ಸರಿಯಾಗಿ ಇಳಿಯುವುದಿಲ್ಲ. ಜಿಪಿಎಸ್ ಇಲ್ಲದ ಕೀಪ್ಯಾಡ್ ಫೋನ್‌ಗಳು ಹಳ್ಳಿಗಳಲ್ಲಿ ಇನ್ನೂ ಇವೆ. ಹಾಗಾಗಿ ಟವರ್‌ಗಳ ಕೆಲಸ ಮುಗಿದಿಲ್ಲ.

ಅಪರಾಧ ಸುದ್ದಿಗಳಲ್ಲಿ ‘ಟವರ್ ಲೊಕೇಶನ್’ ಅಂತ ಓದುತ್ತೇವಲ್ಲ, ಅದು ಈ ವಿದ್ಯೆಯ ಮೊದಲ ಮೆಟ್ಟಿಲು. ಯಾವ ಟವರ್‌ನ ಯಾವ ಆಂಟೆನಾಗೆ ಫೋನ್ ಸೇರಿಕೊಂಡಿದೆ ಅನ್ನುವುದಷ್ಟೇ ಅದರಲ್ಲಿ ತಿಳಿಯುತ್ತದೆ. 2ಜಿ ಕಾಲದಲ್ಲಿ ದೂರದ ಅಂದಾಜೂ ಸಿಗುತ್ತಿತ್ತು, ಆದರೆ ಸುಮಾರು 550 ಮೀಟರ್‌ನ ಹೆಜ್ಜೆಯಲ್ಲಿ. ಫೋನ್ 10 ಕಿ.ಮೀ. ದೂರದಲ್ಲಿದೆ ಅಂದುಕೊಳ್ಳಿ. ಟವರ್‌ಗೆ ಮೂರು ಆಂಟೆನಾ ಇದ್ದರೆ, ಒಂದರ ಪಾಲಿಗೆ ಬರುವ, ಬಿಲ್ಲಿನಂತೆ ಬಾಗಿದ ಪಟ್ಟಿ ಸುಮಾರು 21 ಕಿ.ಮೀ. ಉದ್ದ, ಅರ್ಧ ಕಿ.ಮೀ.ಗಿಂತ ಜಾಸ್ತಿ ಅಗಲ. ಕಬ್ಬಿನ ಹೊಲಗಳ ನಡುವೆ ಅಷ್ಟು ಜಾಗವನ್ನು ಆಂಬುಲೆನ್ಸ್ ಹುಡುಕಲಾರದು. 4ಜಿಯಲ್ಲಿ ಈ ಹೆಜ್ಜೆ ಸುಮಾರು 78 ಮೀಟರ್‌ಗೆ ಇಳಿಯಿತು. ಪಟ್ಟಿ ಸಣ್ಣದಾಯಿತು, ಆದರೂ ಅದು ಪಟ್ಟಿಯೇ.

ಒಂದು ಟವರ್‌ನಿಂದ ಆಗದ್ದನ್ನು ಹಲವು ಟವರ್‌ಗಳು ಸೇರಿ ಮಾಡಬೇಕು. ಮೊಬೈಲ್ ನೆಟ್‌ವರ್ಕ್‌ಗಳ ಮಾನದಂಡ ರೂಪಿಸುವ 3ಜಿಪಿಪಿ, 2009ರ ಹೊತ್ತಿಗೆ 4ಜಿಗೆ ಅಂಥ ಒಂದು ವಿಧಾನ ತಂದಿತು. ಬೇರೆ ಬೇರೆ ಟವರ್‌ಗಳಿಂದ ಹೊರಟ ಸಿಗ್ನಲ್ ಎಷ್ಟೆಷ್ಟು ಹಿಂದೆಮುಂದೆ ಬಂತು ಅಂತ ಫೋನ್ ಅಳೆಯುತ್ತದೆ. ಆ ಲೆಕ್ಕ ಲೊಕೇಶನ್ ಸರ್ವರ್‌ಗೆ ಹೋಗುತ್ತದೆ. ಸರ್ವರ್ ಅದರಿಂದ ಜಾಗ ಹಿಡಿಯುತ್ತದೆ.

ನಿಜವಾದ ಕಷ್ಟ ಶುರುವಾಗುವುದೇ ಇಲ್ಲಿ. ರೇಡಿಯೋ ಅಲೆ ಒಂದು ಮೈಕ್ರೋಸೆಕೆಂಡಿನಲ್ಲಿ 300 ಮೀಟರ್ ಓಡುತ್ತದೆ. ಕಳಿಸಲೂ ಪಡೆಯಲೂ ಒಂದೇ ತರಂಗವನ್ನು ಸರದಿಯಲ್ಲಿ ಬಳಸುವ ಟಿಡಿಡಿ ಮಾದರಿಯ ನೆಟ್‌ವರ್ಕ್‌ಗಳಲ್ಲಿ ಅಕ್ಕಪಕ್ಕದ ಟವರ್‌ಗಳ ಗಡಿಯಾರ 3 ಮೈಕ್ರೋಸೆಕೆಂಡ್ ಆಚೀಚೆ ಆದರೂ ಮಾತು, ಡೇಟಾ ನಡೆಯುತ್ತದೆ. ಜಾಗ ಹುಡುಕುವಾಗ ಅದೇ ವ್ಯತ್ಯಾಸ 900 ಮೀಟರ್ ತಪ್ಪಾಗುತ್ತದೆ!

ಇನ್ನೊಂದು ತೊಂದರೆ ಗೋಳಗುಮ್ಮಟಕ್ಕೆ ಹೋದವರಿಗೆ ಚೆನ್ನಾಗಿ ಗೊತ್ತು. ಪಿಸುಗುಟ್ಟುವ ಗ್ಯಾಲರಿಯಲ್ಲಿ ಬೆಳಿಗ್ಗೆ ಜನ ಇಲ್ಲದಾಗ, ಆಚೆ ಬದಿಯವರು ಮೆಲ್ಲಗೆ ಆಡಿದ ಮಾತೂ ಕೇಳುತ್ತದೆ. ಶಾಲಾ ಪ್ರವಾಸದ ಮಕ್ಕಳೆಲ್ಲ ಒಟ್ಟಿಗೆ ಕೂಗಿದರೆ ಏನೂ ಕೇಳುವುದಿಲ್ಲ. ಯಾವುದು ನೇರ ದನಿ, ಯಾವುದು ಗೋಡೆಗೆ ಬಡಿದು ಬಂದಿದ್ದು ಅಂತಲೂ ತಿಳಿಯುವುದಿಲ್ಲ. ಫೋನಿನ ಪಾಡೂ ಹಾಗೇ. ಹತ್ತಿರದ ಟವರ್‌ನ ಅಬ್ಬರದಲ್ಲಿ ದೂರದ್ದು ಮುಚ್ಚಿಹೋಗುತ್ತದೆ. ಅದಕ್ಕೇ ಜಾಗ ಅಳೆಯಲೆಂದೇ ಬೇರೆ ಸಿಗ್ನಲ್ ಇಟ್ಟರು, ಸರದಿ ಗೊತ್ತುಮಾಡಿದರು. ಒಂದು ಟವರ್ ಆ ಸಿಗ್ನಲ್ ಕಳಿಸುವಾಗ ಇನ್ನೊಂದು ಸುಮ್ಮನಿರಬೇಕು.

ಫೋನಿಗೂ ಬಿಡುವು ಬೇಕು. ತನ್ನ ಟವರ್ ಜೊತೆ ಮಾತಾಡುತ್ತಲೇ ಬೇರೆ ತರಂಗದ ಟವರ್‌ಗಳಿಗೆ ಕಿವಿಗೊಡಲು ಅದಕ್ಕೆ ಸಾಮಾನ್ಯವಾಗಿ ಆಗುವುದಿಲ್ಲ. 4ಜಿಯಲ್ಲಿ 40 ಅಥವಾ 80 ಮಿಲಿಸೆಕೆಂಡಿಗೊಮ್ಮೆ 6 ಮಿಲಿಸೆಕೆಂಡಿನ ಬಿಡುವು ಕೊಡುತ್ತಿದ್ದರು. ಆ ಬಿಡುವು ಮತ್ತು ಟವರ್‌ಗಳ ಸರದಿ ಕೂಡಿಬರದಿದ್ದರೆ ಅಳತೆ ವ್ಯರ್ಥ.

2020ರಲ್ಲಿ 3ಜಿಪಿಪಿ ಮಾನದಂಡದ 16ನೇ ಆವೃತ್ತಿ 5ಜಿಯಲ್ಲಿ ಗಡಿಯಾರದ ಗಂಟನ್ನು ಬಿಡಿಸಿದ್ದು ನನಗೆ ತುಂಬಾ ಇಷ್ಟವಾದ ಹೆಜ್ಜೆ. ತಾನು ಸಿಗ್ನಲ್ ಕಳಿಸಿದ್ದಕ್ಕೂ ಆಚೆಯದು ಬಂದದ್ದಕ್ಕೂ ನಡುವಿನ ಸಮಯವನ್ನು ಫೋನ್ ಮತ್ತು ಟವರ್ ಎರಡೂ ಅಳೆಯುತ್ತವೆ. ಎರಡನ್ನೂ ಕೂಡಿಸಿದಾಗ ಗಡಿಯಾರಗಳ ವ್ಯತ್ಯಾಸ ಕಳೆದುಹೋಗುತ್ತದೆ. ಸಿಗ್ನಲ್ ಬಂದ ದಿಕ್ಕನ್ನು ಹಲವು ಆಂಟೆನಾಗಳಿಂದ ಹಿಡಿಯುವುದಕ್ಕೂ ಅದರಲ್ಲಿ ದಾರಿ ಇದೆ. 2022ರ 17ನೇ ಆವೃತ್ತಿಯಲ್ಲಿ ಬಿಡುವುಗಳನ್ನು ಮೊದಲೇ ಸಿದ್ಧಮಾಡಿಟ್ಟು, ಬೇಕಾದಾಗ ಚಾಲೂ ಮಾಡುವ ವ್ಯವಸ್ಥೆ ಬಂತು. ಫೋನ್ ಪ್ರತಿ ಸಲ ಕೇಳಿ ಕಾಯುವುದು ತಪ್ಪಿತು.

ನಮ್ಮ ಕಡೆಗೆ ದಿಕ್ಕು ಹಿಡಿಯುವ ವಿಧಾನವೇ ಹೆಚ್ಚು ಬೇಕಾದದ್ದು ಅಂತ ನನಗನಿಸುತ್ತದೆ. ಹೆದ್ದಾರಿಯ ಉದ್ದಕ್ಕೂ ಟವರ್‌ಗಳು ಒಂದೇ ಸಾಲಿನಲ್ಲಿದ್ದರೆ, ಫೋನ್ ರಸ್ತೆಯ ಎಡಕ್ಕಿದೆಯೋ ಬಲಕ್ಕಿದೆಯೋ ಅಂತ ಬರೀ ದೂರದ ಲೆಕ್ಕ ಹೇಳಲಾರದು. ಖಾನಾಪುರದ ಜಾಂಬೋಟಿ, ಕಣಕುಂಬಿ ಕಡೆಯ ಕಾಡಿನಲ್ಲಿ ಮೂರು ಟವರ್ ಒಟ್ಟಿಗೆ ಕೇಳುವುದೇ ಕಷ್ಟ. ದೂರ, ದಿಕ್ಕು ಎರಡೂ ಸಿಕ್ಕರೆ ಒಂದೇ ಟವರ್‌ನಿಂದಲೂ ಜಾಗದ ಅಂದಾಜು ಸಿಗುತ್ತದೆ. ಆದರೆ ಇದಕ್ಕೆ 5ಜಿ ಫೋನ್ ಬೇಕು, ತಕ್ಕ ಆಂಟೆನಾ ಬೇಕು, ಕಂಪನಿ ಆ ಸೌಲಭ್ಯವನ್ನು ಚಾಲೂ ಮಾಡಿರಬೇಕು. ಮಾನದಂಡದಲ್ಲಿ ಬರೆದ ಮಾತ್ರಕ್ಕೆ ಊರಿನ ಟವರ್‌ನಲ್ಲಿ ಅದು ಬಂದುಬಿಡುವುದಿಲ್ಲ. ಟವರ್ ಬೇಕು ಅಂತ ಊರವರು ಅರ್ಜಿ ಕೊಡುವಾಗ, ತುರ್ತು ಕರೆಯ ಜಾಗ ಎಷ್ಟು ಮೀಟರ್‌ವರೆಗೆ ಸರಿಯಾಗಿ ಸಿಗುತ್ತದೆ ಅಂತಲೂ ಬರೆದು ಕೇಳಬೇಕು.