ಸಮುರಾಯ್‌ಗಳ ಆಚೆ ಇರುವ ನಿಂಕ್ಯೋ

ಜಪಾನಿ ಭಾಷೆ ಕಲಿಯಲು ಬರುವವರಲ್ಲಿ ಹೆಚ್ಚಿನವರಿಗೆ 'ಬುಶಿದೋ', ಅಂದರೆ ಸಮುರಾಯ್ ಯೋಧರ ನಡತೆಯ ನೀತಿ, ಅನ್ನೋ ಮಾತು ಮೊದಲೇ ಗೊತ್ತಿರುತ್ತದೆ. ಜಪಾನಿನ ಕೆಚ್ಚು, ದೊಡ್ಡ ಮನಸ್ಸು ಎಲ್ಲವೂ ಸಮುರಾಯ್‌ಗಳದ್ದೇ ಅಂತ ನಂಬಿರುತ್ತಾರೆ. ಇದಕ್ಕೆ ಒಂದು ದೊಡ್ಡ ಕಾರಣ ಜಪಾನಿನ ಲೇಖಕ ನಿತೊಬೆ ಇನಾಜೋ. ಬುಶಿದೋ ಬಗ್ಗೆ 1900ರಲ್ಲಿ ಬಂದ ಅವರ ಪುಸ್ತಕ ಇಂಗ್ಲಿಷಿನಲ್ಲಿತ್ತು. ಶಾಲೆಯಲ್ಲಿ ಧರ್ಮ ಕಲಿಸದೆ ಮಕ್ಕಳಿಗೆ ನೀತಿ ಹೇಗೆ ಹೇಳಿಕೊಡುತ್ತೀರಿ ಅಂತ ಬೆಲ್ಜಿಯಂನ ವಿದ್ವಾಂಸರೊಬ್ಬರು ಅವರನ್ನು ಕೇಳಿದ್ದರು. ಆ ಪ್ರಶ್ನೆಯೇ ಪುಸ್ತಕಕ್ಕೆ ಬೀಜ. ಯುರೋಪಿನ ನೈಟ್‌ಗಳಿಗೆ ಇದ್ದಂಥದ್ದೇ ನಮ್ಮಲ್ಲೂ ಇದೆ ಅಂತ ಹೊರಗಿನವರಿಗೆ ವಿವರಿಸಿದ ಬರಹ ಅದು. ಓದಲೇಬೇಕಾದದ್ದು ನಿಜ. ಆದರೆ ಅಲ್ಲಿಗೇ ನಿಂತರೆ ಜಪಾನಿನ ಸಾಮಾನ್ಯ ಜನ ಮನಸಾರೆ ಮೆಚ್ಚಿದ ಗುಣ ಕಣ್ಣಿಗೆ ಬೀಳುವುದೇ ಇಲ್ಲ.

ಅದರ ಹೆಸರು 'ನಿಂಕ್ಯೋ'. ಕೈಲಾಗದವರಿಗೆ ನೆರವಾಗು, ಬಲ ಇದ್ದವರ ಸೊಕ್ಕು ಮುರಿ ಅನ್ನೋದು ಅದರ ತಿರುಳು. ಹೀಗೆ ಬದುಕಿದವನು 'ಕ್ಯೋಕಾಕು'. ಎದೋ ಕಾಲದಲ್ಲಿ (1603–1868) ಈ ಹೆಸರು ಹೊತ್ತವರಲ್ಲಿ ಜೂಜುಕೋರರು, ಕೂಲಿಯಾಳು ಒದಗಿಸುವ ಮೇಸ್ತ್ರಿಗಳು ಜಾಸ್ತಿ. ದರ್ಪ ತೋರುವ ಸಮುರಾಯ್ ತರುಣರಿಗೆ ಎದುರು ನಿಂತು ಪ್ರಾಣ ಬಿಟ್ಟ ಬಂಜುಯಿನ್ ಚೋಬೆ ಅಂಥ ಒಬ್ಬ ಮೇಸ್ತ್ರಿ. ಅವನ ಕಥೆಯನ್ನು ಜಪಾನಿನ ಸಾಂಪ್ರದಾಯಿಕ ನಾಟಕವಾದ ಕಬುಕಿ ರಂಗದಲ್ಲಿ ಇಂದಿಗೂ ಆಡುತ್ತಾರೆ.

ನನಗೆ ಹೆಚ್ಚು ಇಷ್ಟವಾಗುವವನು ಶಿಮಿಜು ಬಂದರಿನ ಜಿರೋಚೋ. ಇವನೂ ಜೂಜುಕೋರರ ಮುಖಂಡ. 1868ರಲ್ಲಿ ಶೋಗುನ್ (ದೇಶ ಆಳುತ್ತಿದ್ದ ಸೇನಾ ಮುಖ್ಯಸ್ಥ) ಆಳ್ವಿಕೆ ಮುಗಿದಿತ್ತು, ಅಂತರ್ಯುದ್ಧ ನಡೆದಿತ್ತು. ಶೋಗುನ್ ಕಡೆಯ 'ಕಾನ್ರಿನ್ ಮಾರು' ಹಡಗು ಬಿರುಗಾಳಿಗೆ ಸಿಕ್ಕಿ, ದುರಸ್ತಿಗೆಂದು ಶಿಮಿಜುವಿಗೆ ಬಂದು ನಿಂತಿತ್ತು. ಹೊಸ ಸರ್ಕಾರದ ನೌಕೆಗಳು ಅದರ ಮೇಲೆ ಬಿದ್ದವು. ಸತ್ತವರ ಹೆಣಗಳು ಬಂದರಿನ ನೀರಲ್ಲಿ ತೇಲುತ್ತಿದ್ದವು. ಬಂಡಾಯಗಾರರ ಹೆಣ ಮುಟ್ಟಿದರೆ ಏನು ಗತಿಯೋ ಅಂತ ಯಾರೂ ಹತ್ತಿರ ಹೋಗಲಿಲ್ಲ. ಜಿರೋಚೋ ತನ್ನವರ ಜೊತೆ ದೋಣಿ ಇಳಿಸಿ, ಅವನ್ನೆಲ್ಲ ದಡಕ್ಕೆ ತಂದು ಮಣ್ಣು ಮಾಡಿದ. ಯಾಕೆ ಹೀಗೆ ಮಾಡಿದೆ ಅಂತ ಕೇಳಿದ್ದಕ್ಕೆ, ಸತ್ತ ಮೇಲೆ ಎಲ್ಲರೂ ಬುದ್ಧರೇ, ಅವರಲ್ಲಿ ಆ ಪಕ್ಷ ಈ ಪಕ್ಷ ಎಲ್ಲಿಂದ ಬಂತು ಅಂದನಂತೆ. ಆ ಸಮಾಧಿಕಲ್ಲಿನ ಅಕ್ಷರಗಳನ್ನು ಬರೆದುಕೊಟ್ಟವರು ಯಾಮಾಓಕ ತೆಶ್ಶು, ಹೆಸರಾಂತ ಖಡ್ಗಪಟು. ಸಮುರಾಯ್ ಒಬ್ಬರು ಜೂಜುಕೋರನ ಕೆಲಸಕ್ಕೆ ತಲೆಬಾಗಿದ್ದು ಸಣ್ಣ ಮಾತಲ್ಲ. ಜಿರೋಚೋ ಆಮೇಲೆ ಬಂದರಿನ ಏಳಿಗೆಗೆ ದುಡಿದ, ಚಹಾ ರಫ್ತಿಗೆ ಒತ್ತು ಕೊಟ್ಟ.

ಇವತ್ತು ಯಾಕುಜಾ ಅನ್ನೋ ಭೂಗತ ಗುಂಪುಗಳು ತಮ್ಮನ್ನು 'ನಿಂಕ್ಯೋ ಸಂಘ' ಅಂತ ಕರೆದುಕೊಳ್ಳುತ್ತವೆ. ಪೊಲೀಸರ ಪಾಲಿಗೆ ಅವು ಹಿಂಸೆಯ ಗುಂಪುಗಳು, 'ಬೋರ್ಯೋಕುದಾನ್'. 1992ರಲ್ಲಿ ಜಾರಿಗೆ ಬಂದ ಕಾನೂನಿನಲ್ಲೂ ಇದೇ ಹೆಸರಿದೆ. ನಾನು ಪೊಲೀಸರ ಪರ. ಅಂಗಡಿಯವರನ್ನು ಹೆದರಿಸಿ ಹಣ ಕೀಳುವವರಿಗೆ ಈ ಮಾತಿನ ಮೇಲೆ ಯಾವ ಹಕ್ಕೂ ಇಲ್ಲ.

ನಿಂಕ್ಯೋದ ಈ ಗುಣ ದಿನನಿತ್ಯದ ಮಾತಲ್ಲಿ ಸಿಗುವುದು 'ಒತೊಕೊಗಿ', ಅಂದರೆ ಗಂಡೆದೆ, ಅನ್ನೋ ಹೆಸರಲ್ಲಿ. ಕಿರಿಯನ ತಪ್ಪನ್ನು ತನ್ನ ತಲೆ ಮೇಲೆ ಹಾಕಿಕೊಳ್ಳುವ ಹಿರಿಯನಿಗೆ ಅದು ಇದೆ ಅನ್ನುತ್ತಾರೆ. ಗೆಳೆಯರು ಊಟ ಮುಗಿಸಿ, ಕಲ್ಲು-ಕತ್ತರಿ-ಕಾಗದ ಆಡುವ 'ಒತೊಕೊಗಿ ಜಾಂಕೆನ್' ಅನ್ನೋ ಆಟವೂ ಇದೆ. ಇದರಲ್ಲಿ ಸೋತವನಲ್ಲ, ಗೆದ್ದವನು ಎಲ್ಲರ ಬಿಲ್ ಕೊಡಬೇಕು. ಅದೂ ಮುಖ ಸಪ್ಪೆ ಮಾಡದೆ, ಗೆದ್ದ ಖುಷಿಯಲ್ಲಿ ಕೂಗುತ್ತಾ!