ಲೊಕೇಶನ್ ಕೊಡದಿದ್ದರೂ ಸಿಗುವ ಮನೆ

2016ರ ಜೂನ್‌ನಲ್ಲಿ ಆ್ಯಪ್‌ಗಳಲ್ಲಿ ಜಾಹೀರಾತು ತೋರಿಸುವ ಬೆಂಗಳೂರಿನ ಕಂಪನಿ ಇನ್‌ಮೊಬಿ, ಗ್ರಾಹಕರ ಹಿತ ಕಾಯುವ ಅಮೆರಿಕದ ಸರ್ಕಾರಿ ಸಂಸ್ಥೆ ಫೆಡರಲ್ ಟ್ರೇಡ್ ಕಮಿಷನ್ ಹೂಡಿದ್ದ ಪ್ರಕರಣವನ್ನು ಮುಗಿಸಿಕೊಳ್ಳಲು 9.5 ಲಕ್ಷ ಡಾಲರ್ ದಂಡ ಕಟ್ಟಲು ಒಪ್ಪಿತು. ಜನ ಲೊಕೇಶನ್ ಕೊಡುವುದಿಲ್ಲ ಎಂದ ಮೇಲೂ ಅವರು ಎಲ್ಲಿದ್ದಾರೆಂದು ಕಂಪನಿ ಪತ್ತೆ ಮಾಡುತ್ತಿತ್ತು ಎಂಬುದು ಮುಖ್ಯ ಆರೋಪ. ದಂಡದ ಮೊತ್ತ ಮರೆತರೂ ನಷ್ಟವಿಲ್ಲ, ಪತ್ತೆ ಮಾಡಿದ ಬಗೆಯನ್ನು ಮಾತ್ರ ತಿಳಿದುಕೊಳ್ಳಲೇಬೇಕು.

ಪ್ರತಿ ವೈ-ಫೈ ರೌಟರ್‌ಗೂ ಬಿಎಸ್‌ಎಸ್‌ಐಡಿ ಎಂಬ ಗುರುತು ಇರುತ್ತದೆ. ಅಂಕಿ, ಅಕ್ಷರ ಸೇರಿ ಎರಡೆರಡರ ಆರು ಜೋಡಿ. ಪಾಸ್‌ವರ್ಡ್ ಎಷ್ಟೇ ಗಟ್ಟಿಯಿದ್ದರೂ ರೌಟರ್ ಈ ಗುರುತನ್ನು ಸೆಕೆಂಡಿಗೆ ಸುಮಾರು ಹತ್ತು ಸಲ ಬಹಿರಂಗವಾಗಿ ಕೂಗುತ್ತಿರುತ್ತದೆ. ಆ ಕೂಗು ಹೆಚ್ಚು ದೂರ ಹೋಗದು ಎನ್ನುವುದೇ ಇಲ್ಲಿನ ಗುಟ್ಟು. ಅದು ಕೇಳಿಸಿದರೆ ಫೋನ್ ಅದೇ ಮನೆಯಲ್ಲೋ ಪಕ್ಕದ ಮನೆಯಲ್ಲೋ ಇದೆ ಎಂದರ್ಥ. ಕಮಿಷನ್ ದೂರಿನ ಪ್ರಕಾರ, ಲೊಕೇಶನ್ ಕೊಟ್ಟವರ ಫೋನಿನಿಂದ ಅಕ್ಷಾಂಶ-ರೇಖಾಂಶದ ಜೊತೆಗೆ ಹತ್ತಿರದ ರೌಟರ್‌ಗಳ ಬಿಎಸ್‌ಎಸ್‌ಐಡಿಯನ್ನೂ ಪಡೆದು, ಯಾವ ರೌಟರ್ ಎಲ್ಲಿದೆ ಎಂಬ ಪಟ್ಟಿ ಮಾಡಿಕೊಳ್ಳಲಾಗಿತ್ತು. ಬೇಡ ಎಂದವರ ಫೋನ್ ಯಾವ ರೌಟರ್ ಬಳಿ ಇದೆ ಎಂದು ನೋಡಿ, ಆ ಪಟ್ಟಿಯಲ್ಲಿ ಹುಡುಕಿದರೆ ಜಾಗ ಸಿಕ್ಕಿಬಿಡುತ್ತಿತ್ತು. ಅಂದರೆ, ಪಕ್ಕದ ಮನೆಯವರು ‘ಅಲೋ’ ಒತ್ತಿದ್ದಕ್ಕೆ ನಿಮ್ಮ ಮನೆ ಸಿಕ್ಕಿತು.

ಈ ಕಿಂಡಿ ಈಗ ಬಹುಮಟ್ಟಿಗೆ ಮುಚ್ಚಿದೆ. ಆಂಡ್ರಾಯ್ಡ್ 6ರಿಂದ ಸುತ್ತಲಿನ ವೈ-ಫೈ ಪಟ್ಟಿ ನೋಡಲು ಆ್ಯಪ್‌ಗೆ ಲೊಕೇಶನ್ ಅನುಮತಿ ಬೇಕು. ಐಒಎಸ್ 13ರಿಂದ ಫೋನ್ ಯಾವ ವೈ-ಫೈಗೆ ಸೇರಿದೆ ಎಂದು ತಿಳಿಯಲೂ ಸಾಮಾನ್ಯವಾಗಿ ಅದೇ ಅನುಮತಿ ಬೇಕು. ಆದರೆ ಅಷ್ಟು ಕಷ್ಟಪಟ್ಟು ಜಾಗ ಹುಡುಕುವಂತೆ ಮಾಡಿದ ಮಾರುಕಟ್ಟೆ ಹಾಗೆಯೇ ಇದೆ.

ಉಚಿತ ಆಟದ ಆ್ಯಪ್ ತೆರೆದಾಗ ಪರದೆಯ ಕೆಳಗೆ ಜಾಹೀರಾತು ಮೂಡುವ ಮೊದಲೇ, ಅಲ್ಲಿ ಯಾರ ಜಾಹೀರಾತು ಬರಬೇಕೆಂಬ ಒಂದು ಹರಾಜು ಮುಗಿದಿರುತ್ತದೆ. ಬಿಡ್ ಕೂಗಲು ಸಿಗುವ ಸಮಯ ಸುಮಾರು 100 ಮಿಲಿಸೆಕೆಂಡು. ಹರಾಜಿಗೆ ಬಂದ ಕಂಪನಿಗಳಿಗೆಲ್ಲ ಒಂದು ಚೀಟಿ ಹೋಗುತ್ತದೆ. ಅದರಲ್ಲಿ ಫೋನಿನ ಮಾದರಿ, ಐಪಿ ವಿಳಾಸ (ಇಂಟರ್ನೆಟ್ ಸಂಪರ್ಕದ ಗುರುತು), ಆ್ಯಪ್‌ನ ಹೆಸರು, ಜಾಹೀರಾತಿಗೆಂದೇ ಫೋನಿಗೆ ಕೊಟ್ಟಿರುವ 32 ಅಕ್ಷರಗಳ ಗುರುತಾದ ಅಡ್ವರ್ಟೈಸಿಂಗ್ ಐಡಿ ಇರಬಹುದು. ಲೊಕೇಶನ್ ಕೊಟ್ಟಿದ್ದರೆ ಅದೂ ಇರಬಹುದು. ಉದಾಹರಣೆಗೆ 12.3052, 76.6552 ಎಂದರೆ ಮೈಸೂರು ಅರಮನೆ. ದಶಮಾಂಶ ಬಿಂದುವಿನ ನಂತರ ಎರಡೇ ಅಂಕಿ ಇದ್ದರೆ ಸುಮಾರು ಒಂದು ಕಿಲೋಮೀಟರ್ ಆಚೀಚೆ, ಆ ಪೇಟೆಯಷ್ಟೇ ಗೊತ್ತಾಗುತ್ತದೆ. ನಾಲ್ಕು ಅಂಕಿ ಇದ್ದರೆ ಹತ್ತು-ಹನ್ನೊಂದು ಮೀಟರ್, ಯಾವ ಬಾಗಿಲ ಬಳಿ ನಿಂತಿದ್ದೀರಿ ಎನ್ನುವವರೆಗೂ ತಿಳಿಯುತ್ತದೆ.

ಎಪಿಎಂಸಿ ಹರಾಜಿನಲ್ಲಿ ಸೋತ ವರ್ತಕ ಬರಿಗೈಯಲ್ಲಿ ಹೊರಡುತ್ತಾನೆ. ಇಲ್ಲಿ ಹಣ ಕೊಡುವುದು ಗೆದ್ದವನೊಬ್ಬನೇ ಆದರೂ ಚೀಟಿಯನ್ನು ಎಲ್ಲರೂ ಓದಿರುತ್ತಾರೆ. 2024ರ ಡಿಸೆಂಬರ್‌ನಲ್ಲಿ ಅದೇ ಕಮಿಷನ್ ಜನರ ಮಾಹಿತಿ ಮಾರುವ ಮೊಬೈಲ್‌ವಾಲಾ ಎಂಬ ಕಂಪನಿಯ ಮೇಲೆ ಹೊರಿಸಿದ ಆರೋಪ ಇದೇ: ಹರಾಜು ಗೆಲ್ಲದಿದ್ದರೂ ಚೀಟಿಯಲ್ಲಿದ್ದ ಮಾಹಿತಿಯನ್ನು ಇಟ್ಟುಕೊಂಡಿತು. 2018ರ ಜನವರಿಯಿಂದ 2020ರ ಜೂನ್‌ವರೆಗೆ ಹೀಗೂ ಬೇರೆ ದಾರಿಗಳಿಂದಲೂ ಅದು ಸೇರಿಸಿದ್ದು, ಜಾಗದ ಸಮೇತ 50 ಕೋಟಿಗೂ ಹೆಚ್ಚು ಅಡ್ವರ್ಟೈಸಿಂಗ್ ಐಡಿ ಎಂದು ಕಮಿಷನ್ ಹೇಳಿತು.

‘ನಾವು ಹೆಸರು ಕೇಳುವುದೇ ಇಲ್ಲ’ ಎಂಬುದು ಈ ವ್ಯಾಪಾರದವರ ಹಳೆಯ ಸಮಜಾಯಿಷಿ. ಹೆಸರಿನ ಅಗತ್ಯವೇ ಇಲ್ಲ. ರಾತ್ರಿ ಹನ್ನೊಂದಕ್ಕೆ ಒಂದು ಕಡೆ, ಬೆಳಗ್ಗೆ ಹತ್ತಕ್ಕೆ ಇನ್ನೊಂದು ಕಡೆ ಇರುವ ಫೋನ್ ಯಾರದೆಂದು ಊಹಿಸುವುದು ಎಷ್ಟು ಹೊತ್ತಿನ ಕೆಲಸ? 2013ರಲ್ಲಿ ಪ್ರಕಟವಾದ ಒಂದು ಅಧ್ಯಯನ 15 ಲಕ್ಷ ಮೊಬೈಲ್ ಬಳಕೆದಾರರ ಓಡಾಟವನ್ನು ಪರಿಶೀಲಿಸಿತ್ತು. ಎಷ್ಟು ಹೊತ್ತಿಗೆ ಎಲ್ಲಿದ್ದರು ಎಂಬ ನಾಲ್ಕೇ ನಾಲ್ಕು ವಿವರ ಸಾಕು, ನೂರರಲ್ಲಿ 95 ಜನರನ್ನು ಉಳಿದವರಿಂದ ಬೇರ್ಪಡಿಸಬಹುದು ಎಂದು ಗೊತ್ತಾಯಿತು.

ಇದೆಲ್ಲವನ್ನೂ ಒಂದೇ ದಾರದಲ್ಲಿ ಪೋಣಿಸುವುದು ಅಡ್ವರ್ಟೈಸಿಂಗ್ ಐಡಿ. ಅದರ ಬೆಲೆ ಎಷ್ಟೆಂದು ತಿಳಿಯಲು ಒಂದು ಲೆಕ್ಕ ಸಾಕು. 2021ರ ಏಪ್ರಿಲ್‌ನಲ್ಲಿ ಐಫೋನ್ ತಯಾರಿಸುವ ಆ್ಯಪಲ್, ಆ್ಯಪ್‌ಗಳು ಇದನ್ನು ಬಳಸಲು ಮೊದಲು ಜನರನ್ನು ಕೇಳಬೇಕೆಂದು ನಿಯಮ ಮಾಡಿತು. ಆ ಬದಲಾವಣೆಯಿಂದ 2022ರಲ್ಲಿ ತನಗೆ ಸುಮಾರು 1,000 ಕೋಟಿ ಡಾಲರ್ ಆದಾಯ ಕಡಿಮೆಯಾಗಬಹುದೆಂದು ಫೇಸ್‌ಬುಕ್‌ನ ಮಾಲೀಕ ಮೆಟಾ ಕಂಪನಿಯೇ ಅಂದಾಜಿಸಿತ್ತು.

ಐಫೋನಿನಲ್ಲಿ ಸೆಟ್ಟಿಂಗ್ಸ್, ಪ್ರೈವಸಿ ಆ್ಯಂಡ್ ಸೆಕ್ಯೂರಿಟಿ, ಟ್ರ್ಯಾಕಿಂಗ್ ಎಂದು ಹೋಗಿ ಅಲ್ಲಿನ ಸ್ವಿಚ್ ಆಫ್ ಮಾಡಿ. ಆಂಡ್ರಾಯ್ಡ್‌ನಲ್ಲಿ ಸೆಟ್ಟಿಂಗ್ಸ್, ಗೂಗಲ್, ಆ್ಯಡ್ಸ್. ಸಿಗದಿದ್ದರೆ ಸೆಟ್ಟಿಂಗ್ಸ್‌ನ ಮೇಲ್ತುದಿಯಲ್ಲಿ ಆ್ಯಡ್ಸ್ ಎಂದು ಹುಡುಕಿ. ಅಲ್ಲಿ ‘ರೀಸೆಟ್’ ಒತ್ತಿ ಸುಮ್ಮನಾಗುವುದು ಸಾಮಾನ್ಯ ತಪ್ಪು. ಹೊಸ ಐಡಿಯೂ ರಾತ್ರಿ ಅದೇ ಮನೆಯಲ್ಲೇ ಮಲಗುವುದರಿಂದ ಹಳೆಯದಕ್ಕೆ ಅದನ್ನು ಜೋಡಿಸುವುದು ಸುಲಭ. ‘ಡಿಲೀಟ್’ ಒತ್ತಿದರೆ ಆ್ಯಪ್‌ಗಳಿಗೆ ಐಡಿಯ ಬದಲು 32 ಸೊನ್ನೆ ಸಿಗುತ್ತವೆ. ಈಗಾಗಲೇ ಮಾರಾಟವಾದದ್ದು ಮಾತ್ರ ವಾಪಸ್ ಬರುವುದಿಲ್ಲ, ಐಪಿ ವಿಳಾಸವೂ ಎಂದಿನಂತೆ ಹೋಗುತ್ತಲೇ ಇರುತ್ತದೆ.

ಆಮೇಲೆ ಒಂದೊಂದೇ ಆ್ಯಪ್‌ನ ಲೊಕೇಶನ್ ಅನುಮತಿ ನೋಡಿ. ಕ್ಯಾಬ್ ಬುಕ್ ಮಾಡುವ ಆ್ಯಪ್‌ಗೆ ನಿಖರ ಜಾಗ ಬೇಕು. ಮಳೆ ಬರುತ್ತದೋ ಇಲ್ಲವೋ ಹೇಳುವ ಆ್ಯಪ್‌ಗೆ ನಿಮ್ಮ ಊರು ಗೊತ್ತಾದರೆ ಸಾಕು, ಹಾಗಾಗಿ ‘ಪ್ರಿಸೈಸ್’ ಆಫ್ ಮಾಡಿ. ಟಾರ್ಚ್ ಆ್ಯಪ್ ಲೊಕೇಶನ್ ಕೇಳಿದರೆ ಆ ಆ್ಯಪ್ಅನ್ನೇ ಕಿತ್ತುಹಾಕಿ.

ಇನ್ನು ರೌಟರ್. ಅದರ ವೈ-ಫೈ ಹೆಸರಿನ ಕೊನೆಗೆ ಒಂದು ಅಂಡರ್‌ಸ್ಕೋರ್, ಅದಕ್ಕೆ ತಾಗಿಯೇ ಇಂಗ್ಲಿಷ್ ಸಣ್ಣಕ್ಷರಗಳಲ್ಲಿ ‘ನೋಮ್ಯಾಪ್’ ಎಂದು ಸೇರಿಸಿದರೆ ಯಾವ ರೌಟರ್ ಎಲ್ಲಿದೆ ಎಂಬ ತನ್ನ ಪಟ್ಟಿಯಿಂದ ಗೂಗಲ್ ಅದನ್ನು ಬಿಡುತ್ತದೆ. ಹೆಸರು ಬದಲಾದೊಡನೆ ಟಿವಿ, ಲ್ಯಾಪ್‌ಟಾಪ್, ಕ್ಯಾಮೆರಾ ಎಲ್ಲವೂ ಕೈಕೊಡುತ್ತವೆ, ಒಂದೊಂದನ್ನೇ ಮತ್ತೆ ಸೇರಿಸಬೇಕಾಗುತ್ತದೆ. ಆದ್ದರಿಂದ ಈ ಕೆಲಸಕ್ಕೆ ಭಾನುವಾರವೇ ಒಳ್ಳೆಯದು.