ಜಾಮೀನು ನಿಂತವರ ಹೊಣೆ ಎಲ್ಲಿಯವರೆಗೆ?

ಹಾಸನದ ನ್ಯಾಯಾಲಯಕ್ಕೆ ಪಹಣಿ, ಆಧಾರ್ ಪ್ರತಿ ಹಿಡಿದು ಜಾಮೀನು ನಿಲ್ಲಲು ಬರುವ ರೈತರು ಕಟಕಟೆ ಹತ್ತುವ ಮುನ್ನ ವಕೀಲರನ್ನು ಸಾಮಾನ್ಯವಾಗಿ ಕೇಳುವ ಪ್ರಶ್ನೆಯೊಂದಿದೆ: "ಅವನು ತಪ್ಪು ಮಾಡಿದ್ದು ರುಜುವಾತಾದರೆ ನನಗೂ ಶಿಕ್ಷೆ ಆಗುತ್ತದಾ ಸಾರ್?" ಆಗುವುದಿಲ್ಲ. ಆರೋಪ ನಿಜವೋ ಸುಳ್ಳೋ ಎಂಬುದಕ್ಕೂ ಜಾಮೀನುದಾರರಿಗೂ ಸಂಬಂಧವಿಲ್ಲ. ಆರೋಪಿಯು ಪ್ರತಿ ವಾಯಿದೆಗೂ, ಅಂದರೆ ವಿಚಾರಣೆಯ ದಿನಕ್ಕೂ, ತಪ್ಪದೆ ಹಾಜರಾಗುವಂತೆ ನೋಡಿಕೊಳ್ಳುತ್ತೇನೆ, ತಪ್ಪಿದರೆ ಬಾಂಡಿನಲ್ಲಿ ಬರೆದ ಹಣ ಕಟ್ಟುತ್ತೇನೆ ಎಂದು ಅವರು ನ್ಯಾಯಾಲಯಕ್ಕೆ ಮಾತು ಕೊಡುತ್ತಾರೆ, ಅಷ್ಟೆ.

2024ರ ಜುಲೈ 1ರಿಂದ ಜಾರಿಯಲ್ಲಿರುವ, ಕ್ರಿಮಿನಲ್ ಪ್ರಕರಣಗಳ ವಿಚಾರಣಾ ಕ್ರಮವನ್ನು ಹೇಳುವ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 486ನೇ ಕಲಮಿನಂತೆ, ಈ ಆರೋಪಿಯೂ ಸೇರಿ ಒಟ್ಟು ಎಷ್ಟು ಜನರಿಗೆ ಜಾಮೀನು ನಿಂತಿದ್ದೀರಿ ಎಂಬುದನ್ನು ವಿವರ ಸಮೇತ ಘೋಷಿಸಬೇಕು. ಇಲ್ಲಿ ಮುಚ್ಚಿಡುವುದು ಬೇಡ. ಪಹಣಿ ಇನ್ನೂ ತೀರಿಕೊಂಡ ತಂದೆಯ ಹೆಸರಿನಲ್ಲಿದ್ದು ಪೌತಿ ಖಾತೆ (ವಾರಸುದಾರರ ಹೆಸರಿಗೆ ಖಾತೆ ಬದಲಾವಣೆ) ಆಗಿರದಿದ್ದರೆ, ಜಮೀನನ್ನು ಉಳುತ್ತಿರುವವರು ತಾವೇ ಆಗಿದ್ದರೂ ಜಾಮೀನು ಒಪ್ಪಿಗೆಯಾಗುವುದು ಕಷ್ಟ. ಸಕಲೇಶಪುರದ ಕಾಫಿ ತೋಟಗಳಿಗೆ ದುಡಿಯಲು ಬಂದವರ ಕಷ್ಟ ಇನ್ನೂ ದೊಡ್ಡದು, ಏಕೆಂದರೆ ಅವರಿಗಾಗಿ ನಿಲ್ಲಬಲ್ಲ ಬಂಧುಗಳ ಜಮೀನು ಇರುವುದು ಬೇರೆ ಜಿಲ್ಲೆಯಲ್ಲೋ ಬೇರೆ ರಾಜ್ಯದಲ್ಲೋ. ಆಸ್ತಿ ಬೇರೆ ಜಿಲ್ಲೆಯಲ್ಲಿದೆ ಎಂಬ ಕಾರಣಕ್ಕೆ ಜಾಮೀನುದಾರರನ್ನು ತಿರಸ್ಕರಿಸುವುದನ್ನು ಸುಪ್ರೀಂ ಕೋರ್ಟ್ 1978ರ ಮೋತಿ ರಾಮ್ ಪ್ರಕರಣದಲ್ಲಿಯೇ ಖಂಡಿಸಿದೆ. ವಕೀಲರು ಆ ತೀರ್ಪನ್ನು ನ್ಯಾಯಾಧೀಶರ ಗಮನಕ್ಕೆ ತರಲು ಹಿಂಜರಿಯಬಾರದು.

ಆರೋಪಿ ತಲೆಮರೆಸಿಕೊಂಡರೆ ಬಾಂಡ್ ಮುಟ್ಟುಗೋಲಾಗುತ್ತದೆ ಮತ್ತು 491ನೇ ಕಲಮಿನ ಅಡಿಯಲ್ಲಿ, ಹಣ ಕಟ್ಟಿ ಅಥವಾ ಏಕೆ ಕಟ್ಟಬಾರದೆಂದು ಕಾರಣ ತಿಳಿಸಿ ಎಂಬ ನೋಟಿಸ್ ಜಾಮೀನುದಾರರಿಗೆ ಬರುತ್ತದೆ. ಈ ನೋಟಿಸನ್ನು ಮಡಚಿ ಪೆಟ್ಟಿಗೆಯಲ್ಲಿಟ್ಟು ಸುಮ್ಮನಾಗುವವರನ್ನು ಕಂಡಾಗ ನನಗೆ ನಿಜವಾಗಿಯೂ ಸಂಕಟವಾಗುತ್ತದೆ. ಸೂಕ್ತ ಕಾರಣ ತೋರಿಸದೆ, ಹಣವನ್ನೂ ಕಟ್ಟದೆ ಹೋದರೆ ಅದನ್ನು ದಂಡದಂತೆ ವಸೂಲು ಮಾಡಬಹುದು. ವಸೂಲಾಗದಿದ್ದರೆ ಜಾಮೀನುದಾರರನ್ನು 6 ತಿಂಗಳವರೆಗೆ ಸಿವಿಲ್ ಜೈಲಿನಲ್ಲಿ (ಅಪರಾಧಕ್ಕಲ್ಲ, ಹಣ ಕಟ್ಟದ್ದಕ್ಕೆ ಇಡುವ ಸೆರೆಯಲ್ಲಿ) ಇಡಲು ಅವಕಾಶವಿದೆ. ಅದೇ ಕಲಮು ಮೊತ್ತದಲ್ಲಿ ಒಂದು ಭಾಗವನ್ನು ಮನ್ನಾ ಮಾಡುವ ಅಧಿಕಾರವನ್ನೂ ನ್ಯಾಯಾಲಯಕ್ಕೆ ನೀಡಿದೆ. ಆದ್ದರಿಂದ ಆರೋಪಿಯನ್ನು ಹುಡುಕಲು ಪಟ್ಟ ಶ್ರಮವನ್ನೂ ಮನೆಯ ಆರ್ಥಿಕ ಸ್ಥಿತಿಯನ್ನೂ ದಾಖಲೆಗಳೊಂದಿಗೆ ಹೇಳಿಕೊಂಡವರಿಗೆ ಹೊರೆ ಇಳಿಯುವ ಸಾಧ್ಯತೆ ಇರುತ್ತದೆ.

ಆದರೆ ಪ್ರಕರಣ ಅಲ್ಲಿಯವರೆಗೆ ಹೋಗಲೇಬೇಕೆಂದಿಲ್ಲ. ಆರೋಪಿ ಫೋನ್ ಎತ್ತುತ್ತಿಲ್ಲ, ಊರು ಬಿಡುವ ಮಾತಾಡುತ್ತಿದ್ದಾನೆ ಎಂದು ತಿಳಿದ ಕೂಡಲೇ 489ನೇ ಕಲಮಿನಡಿ ಜಾಮೀನಿನಿಂದ ಬಿಡುಗಡೆ ಕೋರಿ ಅರ್ಜಿ ಹಾಕಬಹುದು, ಮತ್ತು ನನ್ನ ಅಭಿಪ್ರಾಯದಲ್ಲಿ ಸ್ನೇಹ, ನೆಂಟಸ್ತಿಕೆಯ ಮುಲಾಜಿಗೆ ಬೀಳದೆ ಹಾಕಲೇಬೇಕು. ಆಗ ನ್ಯಾಯಾಲಯ ಆರೋಪಿಯ ಮೇಲೆ ವಾರಂಟ್ ಹೊರಡಿಸುತ್ತದೆ. ಆತ ಹಾಜರಾದ ಮೇಲೆ ಹಳೆಯ ಜಾಮೀನುದಾರರನ್ನು ಬಿಡುಗಡೆ ಮಾಡಿ, ಬೇರೆ ಜಾಮೀನು ತರುವಂತೆ ಆತನಿಗೆ ಸೂಚಿಸುತ್ತದೆ. ಅರ್ಜಿ ಕೊಟ್ಟ ದಿನವೇ ಹೊಣೆ ತೀರಿತೆಂದು ಭಾವಿಸಬೇಡಿ. ಆರೋಪಿ ಹಾಜರಾಗಿ, ನಿಮ್ಮ ಬಾಂಡ್ ರದ್ದಾದ ಆದೇಶ ಆಗುವವರೆಗೆ ಪ್ರತಿ ವಾಯಿದೆಯ ದಿನಾಂಕವನ್ನು ವಕೀಲರಿಂದ ಕೇಳಿ ಬರೆದಿಟ್ಟುಕೊಳ್ಳಿ, ಆದೇಶವಾದ ನಂತರ ಅದರ ದೃಢೀಕೃತ ನಕಲನ್ನು ಪಡೆದುಕೊಳ್ಳಿ.